ತಾರೆಗಳ ಸ್ಥಾನ ಸರಿ, ಕತ್ತಲೆಯ ಲೆಕ್ಕ ತಪ್ಪು: ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಿ ಕಾಳಿ ಕಣಿವೆಯ ಇರುಳು

ಮನೆಯ ಗಣಕಯಂತ್ರದಲ್ಲಿಯೇ ವಿಮಾನ ಚಾಲನೆಯ ಅನುಭವ ನೀಡುವ ತಂತ್ರಾಂಶಗಳನ್ನು ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಒತ್ತಡ, ಎಂಜಿನ್ನಿನ ಸದ್ದು, ರನ್‌ವೇ ಮೇಲಿನ ಬಿಳಿ ಗೆರೆ ಇವೆಲ್ಲ ನೈಜವಾಗಿರಬೇಕೆಂದು ಬಳಕೆದಾರರು ಬಯಸುತ್ತಾರೆ. ಆದರೆ ಸೂರ್ಯ ಮುಳುಗಿದ ಮೇಲೆ ಕಿಟಕಿಯಾಚೆ ಕಾಣುವ ಆಕಾಶದ ನೈಜತೆಯನ್ನು ಪರಿಶೀಲಿಸುವವರು ವಿರಳ. ಅಲ್ಲಿ ಚುಕ್ಕೆಗಳಿದ್ದರೆ ಸಾಕು ಎಂಬ ಭಾವನೆ ಸಾಮಾನ್ಯವಾಗಿದೆ.

ಈ ಭಾವನೆ ಎಷ್ಟು ಸರಿ ಎಂಬುದನ್ನು ಪರೀಕ್ಷಿಸಲು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೊಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಿಗಿಂತ ಉತ್ತಮ ಪ್ರದೇಶ ರಾಜ್ಯದಲ್ಲಿ ಸಿಗುವುದು ಕಷ್ಟ. ಈ ಸೀಮೆಯಲ್ಲಿ ಕಾರ್ಖಾನೆಯ ಬೆಳಕು, ಬಯಲಿನ ಊರುಗಳ ಬೆಳಕು ಹಾಗೂ ಬೆಳಕೇ ಇಲ್ಲದ ದಟ್ಟ ಅಡವಿ ಮೂರೂ ಇವೆ. ದಾಂಡೇಲಿಯಿಂದ ಪೂರ್ವಕ್ಕೆ ಹುಬ್ಬಳ್ಳಿ ವಿಮಾನ ನಿಲ್ದಾಣ ನೇರ ದೂರದಲ್ಲಿ ಸುಮಾರು 50 ಕಿ.ಮೀ., ಉತ್ತರಕ್ಕೆ ಬೆಳಗಾವಿಯ ಸಾಂಬ್ರಾ ನಿಲ್ದಾಣ ಸುಮಾರು 65 ಕಿ.ಮೀ., ಪಶ್ಚಿಮಕ್ಕೆ ಗೋವಾದ ದಾಬೋಲಿಂ ಸುಮಾರು 85 ಕಿ.ಮೀ. ಮೂರು ನಿಲ್ದಾಣಗಳ ನಡುವಿನ ಈ ಕತ್ತಲೆಯ ತುಂಡನ್ನು ಸಿಮ್ಯುಲೇಟರ್ ಹೇಗೆ ಚಿತ್ರಿಸುತ್ತದೆ ಎಂಬುದೇ ಅದರ ರಾತ್ರಿಯ ನೈಜತೆಗೆ ಒರೆಗಲ್ಲು.

ಈ ಪರೀಕ್ಷೆಗೆ ಮಹತ್ವ ಬರಲು ಇನ್ನೊಂದು ಕಾರಣವಿದೆ. ಭಾರತದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಕೇವಲ ಕಣ್ಣಳತೆಯನ್ನು ನಂಬಿ, ಅಂದರೆ ವಿಎಫ್‌ಆರ್ ನಿಯಮದಡಿ, ವಿಮಾನ ಹಾರಿಸಲು ಸಾಮಾನ್ಯವಾಗಿ ಅವಕಾಶವಿಲ್ಲ. ನಿಲ್ದಾಣದ ಆಸುಪಾಸಿನ ಹಾರಾಟಕ್ಕೆ ಮತ್ತು ಫ್ಲೈಯಿಂಗ್ ಕ್ಲಬ್‌ಗಳ ತರಬೇತಿಗೆ ಮಾತ್ರ ವಾಯು ಸಂಚಾರ ನಿಯಂತ್ರಕರು ವಿನಾಯಿತಿ ನೀಡಬಹುದು. ಹೀಗಾಗಿ ಸಣ್ಣ ವಿಮಾನವೊಂದರ ಕಿಟಕಿಯಿಂದ ಜೊಯಿಡಾ ಕಾಡಿನ ಮೇಲಿನ ಇರುಳನ್ನು ನೋಡಬಯಸುವ ಹವ್ಯಾಸಿಗೆ ಸಿಮ್ಯುಲೇಟರ್ ಹೊರತು ಬೇರೆ ದಾರಿ ಇಲ್ಲವೆಂದೇ ಹೇಳಬೇಕು. ಅಲ್ಲಿ ಕಂಡದ್ದನ್ನೇ ಆತ ನಿಜವೆಂದು ಭಾವಿಸುತ್ತಾನೆ.

ಹಿನ್ನೆಲೆ

ವಿಮಾನ ಚಾಲನೆಯ ಅನುಕರಣ ಯಂತ್ರಗಳ ಇತಿಹಾಸದಲ್ಲಿ ಹಗಲಿಗಿಂತ ರಾತ್ರಿಗೇ ಹೆಚ್ಚಿನ ಸ್ಥಾನವಿದೆ ಎಂಬುದು ಕುತೂಹಲಕರ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದ ಲಿಂಕ್ ಟ್ರೇನರ್, ಹೊರಗೇನೂ ಕಾಣದಿರುವಾಗ ಮಾಪಕಗಳನ್ನಷ್ಟೇ ನಂಬಿ ಹಾರುವುದನ್ನು ಕಲಿಸುವ ಯಂತ್ರವಾಗಿ ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ವೇಳೆಗೆ ಅಟ್ಲಾಂಟಿಕ್ ಸಾಗರವನ್ನು ರಾತ್ರಿ ದಾಟುವ ಬಾಂಬರ್ ವಿಮಾನಗಳ ಸಿಬ್ಬಂದಿಗೆ ನಕ್ಷತ್ರಗಳ ನೆರವಿನಿಂದ ದಾರಿ ಕಂಡುಕೊಳ್ಳುವ ತರಬೇತಿ ಅಗತ್ಯವಾಯಿತು. ಆಗ ಲಿಂಕ್ ಮತ್ತು ನೌಕಾಯಾನ ತಜ್ಞ ಫಿಲಿಪ್ ವೀಮ್ಸ್ ಸೇರಿ ಕಣಜದಂತಹ ಎತ್ತರದ ಕಟ್ಟಡದೊಳಗೆ ನಕ್ಷತ್ರಗಳ ಗುಮ್ಮಟವನ್ನೇ ನಿರ್ಮಿಸಿದರು. ವಿಮಾನದ ಅಕ್ಷಾಂಶ, ರೇಖಾಂಶ ಮತ್ತು ಕಾಲ ಬದಲಾದಂತೆ ಗುಮ್ಮಟವೂ ತಿರುಗುತ್ತಿತ್ತು.

1970ರ ದಶಕದಲ್ಲಿ ವಿಮಾನಯಾನ ಸಂಸ್ಥೆಗಳ ತರಬೇತಿಗೆ ಗಣಕಯಂತ್ರ ಚಿತ್ರಿಸಿದ ದೃಶ್ಯಗಳು ಬಂದಾಗಲೂ ಮೊದಲು ಬಂದದ್ದು ರಾತ್ರಿಯ ದೃಶ್ಯಗಳೇ. ಕಾರಣ ಸರಳ. ಹಗಲನ್ನು ಚಿತ್ರಿಸಲು ಹೊಲ, ಮರ, ಕಟ್ಟಡಗಳೆಲ್ಲ ಬೇಕು. ರಾತ್ರಿಗೆ ಕಪ್ಪು ಪರದೆ ಹಾಗೂ ಕೆಲವು ನೂರು ಬೆಳಕಿನ ಚುಕ್ಕೆಗಳು ಸಾಕಾಗುತ್ತಿದ್ದವು. ಅಂದಿನ ಯಂತ್ರಗಳ ಸಾಮರ್ಥ್ಯಕ್ಕೆ ಅದೇ ನಿಲುಕುತ್ತಿತ್ತು.

ಮನೆಬಳಕೆಯ ಗಣಕಯಂತ್ರಕ್ಕೆ ಈ ಕಲೆ ಬಂದದ್ದು ಬ್ರೂಸ್ ಆರ್ಟ್‌ವಿಕ್ ಅವರಿಂದ. ಅವರು 1979ರಲ್ಲಿ ಆಪಲ್ ಗಣಕಯಂತ್ರಕ್ಕಾಗಿ ಬರೆದ ತಂತ್ರಾಂಶದ ಮುಂದಿನ ರೂಪವೇ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಿ ಹೊರಬಂತು. ಅದರ 2020ರ ಮತ್ತು 2024ರ ಆವೃತ್ತಿಗಳು ಉಪಗ್ರಹ ಚಿತ್ರಗಳನ್ನು ಆಧರಿಸಿ ಇಡೀ ಭೂಮಂಡಲವನ್ನು ತೋರಿಸುತ್ತವೆ. ಲ್ಯಾಮಿನಾರ್ ರಿಸರ್ಚ್ ಸಂಸ್ಥೆಯ ಎಕ್ಸ್-ಪ್ಲೇನ್ ಇನ್ನೊಂದು ಪ್ರಮುಖ ತಂತ್ರಾಂಶ. ಅದರ 12ನೇ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಪೂರ್ಣರೂಪದಲ್ಲಿ ಬಂತು. 1990ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಫ್ಲೈಟ್‌ಗಿಯರ್ ಸಂಪೂರ್ಣ ಉಚಿತವಾಗಿದ್ದು, ಸ್ವಯಂಸೇವಕರು ಬೆಳೆಸಿದ ಮುಕ್ತ ತಂತ್ರಾಂಶವಾಗಿದೆ. ಸೂರ್ಯ, ಚಂದ್ರ, ಗ್ರಹ ಹಾಗೂ ನಕ್ಷತ್ರಗಳನ್ನು ದಿನಾಂಕ ಮತ್ತು ವೇಳೆಗೆ ಅನುಗುಣವಾಗಿ ನಿಖರ ಸ್ಥಾನದಲ್ಲಿ ತೋರಿಸುವುದನ್ನು ಅದರ ನಿರ್ಮಾಪಕರು ಬಹು ಹಿಂದೆಯೇ ಸಾಧಿಸಿದ್ದಾರೆ.

ಸ್ಥಾನ ನಿರ್ಣಯ: ಬಗೆಹರಿದ ಲೆಕ್ಕ

ನಕ್ಷತ್ರ ಎಲ್ಲಿ ಕಾಣಬೇಕು ಎಂಬುದು ಇಂದು ಸಮಸ್ಯೆಯೇ ಅಲ್ಲ. ಬರಿಗಣ್ಣಿಗೆ ಕಾಣಬಹುದಾದ ನಕ್ಷತ್ರಗಳನ್ನೆಲ್ಲ ಒಳಗೊಂಡ ಯೇಲ್ ವಿಶ್ವವಿದ್ಯಾಲಯದ ಪ್ರಕಾಶಮಾನ ನಕ್ಷತ್ರಗಳ ಪಟ್ಟಿಯಲ್ಲಿ 9,110 ನಮೂದುಗಳಿವೆ. ಯುರೋಪಿನ ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳನ್ನು ಆಧರಿಸಿ 1997ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 1,18,218 ನಕ್ಷತ್ರಗಳಿವೆ. ಗಾಯಾ ಉಪಗ್ರಹ ಅಳೆದ ತಾರೆಗಳ ಸಂಖ್ಯೆ ನೂರು ಕೋಟಿಯನ್ನೂ ಮೀರಿದೆ. ಸಿಮ್ಯುಲೇಟರ್‌ಗೆ ಇಷ್ಟೆಲ್ಲ ಬೇಕಿಲ್ಲ. ಬರಿಗಣ್ಣಿನ ಪಟ್ಟಿಯೊಂದೇ ಸಾಕು.

ಪಟ್ಟಿಯಲ್ಲಿರುವ ಸ್ಥಾನವನ್ನು ಪರದೆಯ ಮೇಲೆ ತರಲು ತಂತ್ರಾಂಶಕ್ಕೆ ವಿಮಾನದ ಅಕ್ಷಾಂಶ, ರೇಖಾಂಶ ಹಾಗೂ ನಿಖರವಾದ ವೇಳೆ ತಿಳಿದಿರಬೇಕು. ಭೂಮಿಯ ಅಕ್ಷದ ನಿಧಾನ ಗತಿಯ ಹೊಯ್ದಾಟದಿಂದ ನಕ್ಷತ್ರಗಳ ಸ್ಥಾನ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಸರಿಯುತ್ತದೆ. ತಂತ್ರಾಂಶ 2000ನೇ ಇಸವಿಯ ಸ್ಥಾನಗಳನ್ನೇ ಬಳಸಿದರೂ ಇಂದಿಗೆ ಉಂಟಾಗುವ ವ್ಯತ್ಯಾಸ ಚಂದ್ರಬಿಂಬದ ಅಗಲಕ್ಕಿಂತ ಕಡಿಮೆ. ಅದು ಕಣ್ಣಿಗೆ ಗೋಚರಿಸದು.

ಚಂದ್ರನ ವಿಷಯ ಮಾತ್ರ ಬೇರೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಆತ ದಿನಕ್ಕೆ ಸುಮಾರು 13 ಡಿಗ್ರಿ ಚಲಿಸುತ್ತಾನೆ. ಅಂದರೆ ಗಂಟೆಗೆ ತನ್ನ ಬಿಂಬದ ಅಗಲದಷ್ಟೇ ಸರಿಯುತ್ತಾನೆ. ಆದ್ದರಿಂದ ಚಂದ್ರನ ಸ್ಥಾನವನ್ನು ದಿನಕ್ಕೊಮ್ಮೆ ಲೆಕ್ಕ ಹಾಕಿದರೆ ಸಾಲದು, ಹಾರಾಟದ ಉದ್ದಕ್ಕೂ ತಿದ್ದುತ್ತಿರಬೇಕು.

ದಾಂಡೇಲಿಯ ಮೇಲೆ ಏನು ಕಾಣಬೇಕು?

ದಾಂಡೇಲಿ ಸುಮಾರು 15.25 ಡಿಗ್ರಿ ಉತ್ತರ ಅಕ್ಷಾಂಶ, 74.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆಯೋ ಅದೇ ಆ ಊರಿನ ಅಕ್ಷಾಂಶ. ಹೀಗಾಗಿ ಇಲ್ಲಿ ಧ್ರುವ ನಕ್ಷತ್ರ ಸುಮಾರು 15 ಡಿಗ್ರಿ ಎತ್ತರದಲ್ಲಿರಬೇಕು. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂದು ಹಿಡಿದರೆ ಅದು ಒಂದೂವರೆ ಮುಷ್ಟಿಯ ಎತ್ತರ. ಸಾಂಬ್ರಾ ನಿಲ್ದಾಣ ದಾಂಡೇಲಿಗೆ ಬಹುತೇಕ ನೇರ ಉತ್ತರದಲ್ಲಿರುವುದರಿಂದ ಆ ಮಾರ್ಗದಲ್ಲಿ ಹಾರುವ ಸಿಮ್ಯುಲೇಟರ್ ವಿಮಾನದ ಮೂತಿಯ ಮೇಲ್ಭಾಗದಲ್ಲೇ ಧ್ರುವ ನಕ್ಷತ್ರ ಕಾಣಬೇಕು. ಕಾಣದಿದ್ದರೆ ತಂತ್ರಾಂಶದ ಆಕಾಶ ಕೇವಲ ಅಲಂಕಾರ ಎಂದು ತಿಳಿಯಬಹುದು.

ದಕ್ಷಿಣದ ಕಡೆಯೂ ಇಂತಹ ಗುರುತುಗಳಿವೆ. ಅಗಸ್ತ್ಯ ನಕ್ಷತ್ರ ಫೆಬ್ರವರಿ ಎರಡನೇ ವಾರದ ರಾತ್ರಿ 9.30ರ ಸುಮಾರಿಗೆ ನೇರ ದಕ್ಷಿಣದಲ್ಲಿ 22 ಡಿಗ್ರಿ ಎತ್ತರಕ್ಕೆ ಬರುತ್ತದೆ. ಯುರೋಪಿನ ಬಹುಭಾಗದಿಂದ ಕಾಣಸಿಗದ ತ್ರಿಶಂಕು ಪುಂಜ ಇಲ್ಲಿ ಮೇ ಮೊದಲ ವಾರದ ರಾತ್ರಿ 10 ಗಂಟೆ ಸುಮಾರಿಗೆ ದಕ್ಷಿಣ ದಿಗಂತದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಅದರ ಬುಡದ ನಕ್ಷತ್ರ ಕೇವಲ 12 ಡಿಗ್ರಿ ಎತ್ತರದಲ್ಲಿರುತ್ತದೆ. ನೆಲದ ಮೇಲಿದ್ದರೆ ಘಟ್ಟದ ಗುಡ್ಡಗಳು ಅದನ್ನು ಮರೆಮಾಡಬಹುದು. 35,000 ಅಡಿ ಎತ್ತರದಲ್ಲಿ ಹಾರುವ ವಿಮಾನಕ್ಕೆ ದಿಗಂತವೇ ಸುಮಾರು ಮೂರು ಡಿಗ್ರಿ ಕೆಳಗಿಳಿಯುವುದರಿಂದ ತ್ರಿಶಂಕು ಇನ್ನಷ್ಟು ಮೇಲಿದ್ದಂತೆ ತೋರುತ್ತದೆ. ಈ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶದಲ್ಲಿ ದಿಗಂತದ ಬಳಿಯ ನಕ್ಷತ್ರಗಳು ಬೇಗ ಮುಳುಗಿಬಿಡುತ್ತವೆ.

ಗಡಿಯಾರದ ವಿಚಾರದಲ್ಲಿ ಎಚ್ಚರ ಅಗತ್ಯ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶವನ್ನು ಆಧರಿಸಿದೆ. ದಾಂಡೇಲಿ ಅದಕ್ಕಿಂತ ಸುಮಾರು ಎಂಟು ಡಿಗ್ರಿ ಪಶ್ಚಿಮದಲ್ಲಿದೆ. ಆದ್ದರಿಂದ ಇಲ್ಲಿನ ಆಕಾಶ ಕೈಗಡಿಯಾರಕ್ಕಿಂತ ಸುಮಾರು 32 ನಿಮಿಷ ಹಿಂದಿರುತ್ತದೆ. ಸ್ಥಳೀಯ ವೇಳೆಯನ್ನು ರೇಖಾಂಶದಿಂದಲೇ ಅಂದಾಜಿಸುವ ತಂತ್ರಾಂಶದಲ್ಲಿ ಸೂರ್ಯಾಸ್ತವೂ ನಕ್ಷತ್ರೋದಯವೂ ಅರ್ಧ ಗಂಟೆ ಮೊದಲೇ ಆಗುವುದುಂಟು.

ಇದಲ್ಲದೆ ರೈತರಿಗೆ ಚಿರಪರಿಚಿತವಾದ ಪರೀಕ್ಷೆಯೊಂದಿದೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಜೂನ್ 22ರ ಆಸುಪಾಸಿಗೆ ಆರ್ದ್ರಾ ಮಳೆ ಹೂಡುತ್ತದೆ. ಸೂರ್ಯ ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸಿದ ಎಂಬುದೇ ಇದರ ಅರ್ಥ. ಆದ್ದರಿಂದ ಆ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಸೂರ್ಯನೊಡನೆಯೇ ಹುಟ್ಟಿ ಸೂರ್ಯನೊಡನೆಯೇ ಮುಳುಗುತ್ತದೆ, ರಾತ್ರಿ ಕಾಣುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಜೂನ್ 25ರ ರಾತ್ರಿಯನ್ನು ಆಯ್ದು ಮೋಡಗಳನ್ನೆಲ್ಲ ತೆಗೆದುಹಾಕಿದಾಗ ಮೃಗವ್ಯಾಧ ಪುಂಜ ಆಕಾಶದಲ್ಲಿ ಕಂಡರೆ, ಆ ತಂತ್ರಾಂಶಕ್ಕೆ ಪಂಚಾಂಗದಷ್ಟೂ ಖಗೋಳ ಜ್ಞಾನವಿಲ್ಲ ಎಂದಾಯಿತು.

ಹೊಳಪು: ಇನ್ನೂ ಬಗೆಹರಿಯದ ಸಮಸ್ಯೆ

ಸ್ಥಾನ ಸರಿಯಿದ್ದ ಮಾತ್ರಕ್ಕೆ ರಾತ್ರಿ ನೈಜವಾಗುವುದಿಲ್ಲ. ನಿಜವಾದ ತೊಡಕು ಹೊಳಪಿನದು. ನಕ್ಷತ್ರಗಳ ಕಾಂತಿಯನ್ನು ಅಳೆಯುವ ಮಾನದಲ್ಲಿ ಐದು ಹಂತಗಳ ವ್ಯತ್ಯಾಸವೆಂದರೆ ನೂರು ಪಟ್ಟು ಬೆಳಕಿನ ವ್ಯತ್ಯಾಸ. ಅತ್ಯಂತ ಪ್ರಕಾಶಮಾನವಾದ ಲುಬ್ಧಕಕ್ಕೂ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಆರನೇ ಕಾಂತಿಯ ನಕ್ಷತ್ರಕ್ಕೂ ನಡುವಣ ಅಂತರ ಸುಮಾರು ಸಾವಿರ ಪಟ್ಟು. ಹುಣ್ಣಿಮೆಯ ಚಂದ್ರನನ್ನು ಸೇರಿಸಿಕೊಂಡರೆ ಈ ಅಂತರ ಕೋಟಿಗಳಿಗೆ ಏರುತ್ತದೆ. ಮಾನವನ ಕಣ್ಣು ಇದನ್ನೆಲ್ಲ ಸಂಭಾಳಿಸುತ್ತದೆ. ಪರದೆಗೆ ಅದು ಸಾಧ್ಯವಿಲ್ಲ.

ಸಾಮಾನ್ಯ ಎಲ್‌ಸಿಡಿ ಪರದೆಯಲ್ಲಿ ಕಪ್ಪು ಬಣ್ಣವೆಂದರೆ ಬೆಳಕಿನ ಅಭಾವವಲ್ಲ, ಹಿಂದಿನ ದೀಪದ ಸೋರಿಕೆ. ಈ ಕಪ್ಪು ಮಾಲಿನ್ಯವಿಲ್ಲದ ನಿಜವಾದ ಇರುಳಿನ ಆಕಾಶಕ್ಕಿಂತ ಸಾವಿರ ಪಟ್ಟಿನಷ್ಟು ಬೆಳಗಿರಬಲ್ಲದು. ಒಎಲ್‌ಇಡಿ ಪರದೆಗಳಲ್ಲಿ ಪ್ರತಿಯೊಂದು ಬಿಂದುವೂ ಸಂಪೂರ್ಣ ಆರಬಲ್ಲದಾದ್ದರಿಂದ ಪರಿಸ್ಥಿತಿ ಎಷ್ಟೋ ಮೇಲು. ಆದರೆ ಕೋಣೆಯ ದೀಪ ಉರಿಯುತ್ತಿದ್ದರೆ ಆ ಲಾಭವೂ ಇಲ್ಲವಾಗುತ್ತದೆ. ಇದನ್ನು ಮರೆಮಾಚಲು ತಂತ್ರಾಂಶ ನಿರ್ಮಾಪಕರು ಆಕಾಶಕ್ಕೆ ಕಡು ನೀಲಿ ಬಣ್ಣ ಬಳಿದು, ನಕ್ಷತ್ರಗಳನ್ನು ಇರುವುದಕ್ಕಿಂತ ದೊಡ್ಡದಾಗಿ ಚಿತ್ರಿಸುವುದು ರೂಢಿ. ಅದರಿಂದ ನೋಟ ಸುಂದರವಾಗುತ್ತದೆ, ನೈಜತೆ ಕುಗ್ಗುತ್ತದೆ.

ಎರಡನೆಯ ತೊಡಕು ಕಣ್ಣಿಗೇ ಸಂಬಂಧಿಸಿದ್ದು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಒಮ್ಮೆ ಬಿಳಿ ದೀಪ ಹೊತ್ತಿಸಿದರೂ ಹೊಂದಾಣಿಕೆ ಕೆಡುತ್ತದೆ. ಕಾಕ್‌ಪಿಟ್‌ನ ದೀಪಗಳನ್ನು ಮಂದವಾಗಿಡುವುದು ಇದೇ ಕಾರಣಕ್ಕೆ. ಸಿಮ್ಯುಲೇಟರ್‌ಗಳು ಕ್ಯಾಮೆರಾದಂತೆ ಕೆಲವೇ ಕ್ಷಣಗಳಲ್ಲಿ ಹೊಳಪನ್ನು ಸರಿಹೊಂದಿಸುತ್ತವೆ. ಹುಬ್ಬಳ್ಳಿಯ ರನ್‌ವೇ ದೀಪಗಳನ್ನು ದಾಟಿ ಪಶ್ಚಿಮಕ್ಕೆ ತಿರುಗಿದ ಮರುಕ್ಷಣವೇ ಕ್ಷೀರಪಥ ಹೊಳೆಯತೊಡಗಿದರೆ, ನೈಜ ಪೈಲಟ್‌ಗೆ ಎಂದೂ ದೊರೆಯದ ಕಣ್ಣನ್ನು ತಂತ್ರಾಂಶ ದಯಪಾಲಿಸಿದೆ ಎಂದರ್ಥ.

ಬೆಳದಿಂಗಳು ಮೂರನೆಯ ಅಂಶ. ನಡುನೆತ್ತಿಯ ಹುಣ್ಣಿಮೆ ಚಂದ್ರ ನೆಲಕ್ಕೆ ಚೆಲ್ಲುವ ಬೆಳಕು ಕೇವಲ ನಕ್ಷತ್ರಗಳ ಬೆಳಕಿಗಿಂತ ನೂರು ಪಟ್ಟಿಗೂ ಹೆಚ್ಚು. ಹುಣ್ಣಿಮೆಯಂದು ಕಾಳಿ ನದಿಯ ತಿರುವುಗಳು, ಸೂಪಾ ಜಲಾಶಯದ ಅಂಚು, ಗುಡ್ಡಗಳ ಸಾಲು ವಿಮಾನದಿಂದ ಗುರುತಿಸುವಂತಿರಬೇಕು; ಅದೇ ವೇಳೆಗೆ ಕ್ಷೀರಪಥ ಬಹುತೇಕ ಮಾಯವಾಗಬೇಕು. ಅಮಾವಾಸ್ಯೆಯಂದು ಇದಕ್ಕೆ ತದ್ವಿರುದ್ಧ. ಎರಡೂ ರಾತ್ರಿ ಒಂದೇ ತೆರನಾಗಿ ಕಂಡರೆ ತಂತ್ರಾಂಶದಲ್ಲಿ ಚಂದ್ರ ಇದ್ದೂ ಇಲ್ಲದಂತೆ.

ನಾಲ್ಕು ತಾಲ್ಲೂಕು, ನಾಲ್ಕು ಇರುಳು

ಆಕಾಶದ ಕತ್ತಲೆಯನ್ನು ನಿರ್ಧರಿಸುವುದು ನೆಲದ ಬೆಳಕು. ಅಮೆರಿಕದ ಖಗೋಳ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಸೂಚಿಸಿದ ಒಂಬತ್ತು ಹಂತಗಳ ಮಾಪನ ಇದಕ್ಕಾಗಿಯೇ ಬಳಕೆಯಲ್ಲಿದೆ. ಒಂದನೇ ಹಂತವೆಂದರೆ ಶುದ್ಧ ಕತ್ತಲೆ, ಒಂಬತ್ತನೆಯದು ಮಹಾನಗರದ ನಡುಭಾಗ. ಸಿಮ್ಯುಲೇಟರ್ ಎಲ್ಲೆಡೆ ಒಂದೇ ಸಂಖ್ಯೆಯ ನಕ್ಷತ್ರಗಳನ್ನು ತೋರಿಸುವುದಾದರೆ ಬೆಂಗಳೂರಿನ ಮೆಜೆಸ್ಟಿಕ್ ಮೇಲೂ ಜೊಯಿಡಾದ ಅಣಶಿ ಮೇಲೂ ಒಂದೇ ಆಕಾಶವಿದ್ದಂತಾಗುತ್ತದೆ.

ಹಿಂದೆ ಹಳಿಯಾಳ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದಾಂಡೇಲಿ ಕಾರ್ಖಾನೆಯ ಪಟ್ಟಣ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇಲ್ಲಿದೆ. ಕಾಡಿನ ನಡುವೆ ಥಟ್ಟನೆ ಎದುರಾಗುವ ದಟ್ಟ ಬೆಳಕಿನ ಗುಂಪಾಗಿ ಈ ಪಟ್ಟಣ ಆಗಸದಿಂದ ಕಾಣಬೇಕು. ಹಳಿಯಾಳ ಬಯಲಿಗೆ ತೆರೆದುಕೊಂಡ ಕೃಷಿ ಸೀಮೆ. ಹಳ್ಳಿಗಳ ಬೆಳಕು ಚದುರಿದ ಮಣಿಗಳಂತೆ ಧಾರವಾಡದ ದಿಕ್ಕಿಗೆ ಹೆಚ್ಚುತ್ತಾ ಹೋಗುತ್ತದೆ. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಹಂಗಾಮಿನಲ್ಲಿ ಅಹೋರಾತ್ರಿ ಬೆಳಗುತ್ತದೆ.

ಜೊಯಿಡಾ ಇವೆರಡಕ್ಕಿಂತ ಭಿನ್ನ. ಕಾಳಿ ನದಿಯ ಉಗಮವೂ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯೂ ಈ ತಾಲ್ಲೂಕಿನಲ್ಲಿವೆ. ತಾಲ್ಲೂಕಿಗೆ ಹೆಸರು ನೀಡಿದ್ದ ಸೂಪಾ ಪಟ್ಟಣವೇ ಜಲಾಶಯದಲ್ಲಿ ಮುಳುಗಿ, ಜೊಯಿಡಾ ಆಡಳಿತ ಕೇಂದ್ರವಾಯಿತು. ದಾಂಡೇಲಿ ವನ್ಯಜೀವಿ ಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿ 2007ರಲ್ಲಿ ಘೋಷಿಸಲಾದ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಅಡವಿಯ ನಡುವೆ ಒಂದೊಂದು ಮನೆ, ನಾಲ್ಕೆಂಟು ಮನೆಗಳ ಕೇರಿ; ಉಳಿದದ್ದೆಲ್ಲ ಕತ್ತಲೆ. ಜಲಾಶಯವಂತೂ ಇರುಳಿನಲ್ಲಿ ನೆಲವೋ ನೀರೋ ತಿಳಿಯದ ಕಪ್ಪು ಹಾಸು.

ತಂತ್ರಾಂಶಗಳು ಎಡವುವುದು ಇಲ್ಲಿಯೇ. ಎಕ್ಸ್-ಪ್ಲೇನ್‌ನ ನೆಲದ ದೃಶ್ಯಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆ ನಕ್ಷೆಯೇ ಆಧಾರ. ಮೈಕ್ರೋಸಾಫ್ಟ್‌ನ 2020ರ ಆವೃತ್ತಿಯಲ್ಲಿ ಉಪಗ್ರಹ ಚಿತ್ರಗಳಿಂದ ಕಟ್ಟಡಗಳನ್ನು ಗಣಕಯಂತ್ರವೇ ಗುರುತಿಸಿ ನಿಲ್ಲಿಸುತ್ತದೆ. ರಸ್ತೆ ಇದ್ದಲ್ಲಿ ದೀಪ, ಸೂರು ಇದ್ದಲ್ಲಿ ಬೆಳಗುವ ಕಿಟಕಿ ಎಂಬ ಊಹೆ ಯುರೋಪ್, ಅಮೆರಿಕದ ಊರುಗಳಿಗೆ ಸರಿಹೋದೀತು. ಬೀದಿದೀಪವಿಲ್ಲದ ಕಾಡುದಾರಿಗೆ ದೀಪದ ಸಾಲು ಹಚ್ಚಿದರೆ ಜೊಯಿಡಾ ಜೊಯಿಡಾ ಆಗಿ ಉಳಿಯುವುದಿಲ್ಲ. ಅಡಿಕೆ ದಬ್ಬೆಯ ಕೊಟ್ಟಿಗೆಯೂ ಉಪಗ್ರಹದ ಕಣ್ಣಿಗೆ ಮನೆಯೇ.

ಮುಂಡಗೋಡದಲ್ಲಿ ಸಮಸ್ಯೆ ಇನ್ನೊಂದು ಬಗೆಯದು. 1966ರಲ್ಲಿ ಆರಂಭವಾದ ಟಿಬೆಟನ್ ನಿರಾಶ್ರಿತರ ಶಿಬಿರ ಮತ್ತು ಅಲ್ಲಿನ ಗಾದೆನ್, ಡ್ರೆಪುಂಗ್ ಬೌದ್ಧ ವಿಹಾರಗಳಿಂದಾಗಿ ಹೊಲಗಳ ನಡುವೆ ಸಣ್ಣ ಪಟ್ಟಣದಷ್ಟೇ ಬೆಳಕಿನ ಸಮೂಹವೊಂದು ರೂಪುಗೊಂಡಿದೆ. ತ್ಸೋಂಗ್‌ಖಾಪಾ ಗುರುವಿನ ಸ್ಮರಣೆಯ ಗಾದೆನ್ ಙಾಮ್ಚೋ ಹಬ್ಬದ ಇರುಳು, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ವಿಹಾರ ಮತ್ತು ಮನೆಗಳಲ್ಲಿ ದೀಪಗಳನ್ನು ಸಾಲಾಗಿ ಹಚ್ಚುತ್ತಾರೆ. ಇಂತಹ ಒಂದು ರಾತ್ರಿಯ ಬೆಳಕನ್ನು ಯಾವ ನಕ್ಷೆಯೂ ದಾಖಲಿಸದು.

ಇದಕ್ಕೆ ಪರಿಹಾರವಿಲ್ಲದಿಲ್ಲ. 2011ರ ಅಕ್ಟೋಬರ್‌ನಲ್ಲಿ ಉಡಾವಣೆಯಾದ ಸುವೋಮಿ ಎನ್‌ಪಿಪಿ ಉಪಗ್ರಹ ಭೂಮಿಯ ರಾತ್ರಿ ಬೆಳಕನ್ನು ಅಳೆಯುವ ಉಪಕರಣ ಹೊತ್ತಿದೆ. ಅದರ ದತ್ತಾಂಶದಿಂದ ನಾಸಾ ಸಿದ್ಧಪಡಿಸಿದ ನಕ್ಷೆಗಳು ಸಾರ್ವಜನಿಕರಿಗೆ ಲಭ್ಯ. ರಸ್ತೆ ನಕ್ಷೆಯ ಊಹೆಯನ್ನು ಈ ಅಳತೆಯೊಂದಿಗೆ ತಾಳೆ ನೋಡಿದರೆ ಎಲ್ಲಿ ದೀಪವಿದೆ, ಎಲ್ಲಿ ಇಲ್ಲ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೋಡ ಮುಸುಕಿದಾಗ

ಘಟ್ಟದ ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಕ್ಷತ್ರ ಕಾಣುವುದೇ ಅಪರೂಪ. ಆದ್ದರಿಂದ ಮೋಡದ ರಾತ್ರಿಯ ಚಿತ್ರಣಕ್ಕೂ ಅಷ್ಟೇ ಮಹತ್ವವಿದೆ. ನಗರದ ಮೇಲೆ ಮೋಡ ಕವಿದರೆ ಕೆಳಗಿನ ಬೆಳಕು ಪ್ರತಿಫಲಿಸಿ ಆಕಾಶ ಇನ್ನಷ್ಟು ಬೆಳಗಾಗುತ್ತದೆ. ದೀಪಗಳಿಲ್ಲದ ಕಾಡಿನ ಮೇಲೆ ಕವಿದರೆ ನಕ್ಷತ್ರದ ಬೆಳಕೂ ತಡೆದು ಕತ್ತಲೆ ಇಮ್ಮಡಿಸುತ್ತದೆ. ಒಂದೇ ಮೋಡದ ಪದರ ಹುಬ್ಬಳ್ಳಿಯ ಮೇಲೆ ಮಂಕು ಕೆಂಬಣ್ಣದ ಚಾವಣಿಯಾಗಿ, ಜೊಯಿಡಾದ ಮೇಲೆ ಕಪ್ಪು ಕಂಬಳಿಯಾಗಿ ಕಾಣಬೇಕು. ಮೋಡಕ್ಕೆ ಎಲ್ಲೆಡೆ ಒಂದೇ ಬೂದು ಬಣ್ಣ ಹಚ್ಚುವ ತಂತ್ರಾಂಶ ಈ ಪರೀಕ್ಷೆಯಲ್ಲಿ ಅನುತ್ತೀರ್ಣ.

ದಿಗಂತ ಕಾಣದ ಅಪಾಯ

ಇದೆಲ್ಲ ಹವ್ಯಾಸಿಗಳ ಸೂಕ್ಷ್ಮ ಚರ್ಚೆಯಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಹಗಲಿನಲ್ಲಿ ಪೈಲಟ್ ವಿಮಾನದ ಓರೆಯನ್ನು ದಿಗಂತ ನೋಡಿಯೇ ಅರಿಯುತ್ತಾನೆ. ಅಮಾವಾಸ್ಯೆಯ ಇರುಳಿನಲ್ಲಿ ಕಾಡಿನ ಅಥವಾ ಕಡಲಿನ ಮೇಲೆ ದಿಗಂತವೇ ಇರುವುದಿಲ್ಲ. ಒಳಗಿವಿಯ ಸಮತೋಲನದ ಅಂಗ ಸುಳ್ಳು ಹೇಳಬಲ್ಲದು. ಚದುರಿದ ಮನೆಗಳ ದೀಪ ನಕ್ಷತ್ರಗಳೆಂದೂ, ಕಡಲಿನ ಮೀನುಗಾರಿಕಾ ದೋಣಿಗಳ ದೀಪ ದಿಗಂತದ ತಾರೆಗಳೆಂದೂ ಭ್ರಮೆ ಹುಟ್ಟಬಹುದು. ಓರೆಯಾಗಿ ಸಾಗುವ ರಸ್ತೆಯ ದೀಪದ ಸಾಲನ್ನೇ ದಿಗಂತವೆಂದು ತಿಳಿದು ವಿಮಾನವನ್ನು ಅದಕ್ಕೆ ಸಮನಾಗಿ ವಾಲಿಸುವ ಅಪಾಯವೂ ಇದೆ.

1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಬೋಯಿಂಗ್ 747 ವಿಮಾನ ನೆಲಬಿಟ್ಟ ಎರಡು ನಿಮಿಷದೊಳಗೆ ಬಾಂದ್ರಾ ತೀರದಾಚೆ ಅರಬ್ಬಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 213 ಮಂದಿಯೂ ಮೃತಪಟ್ಟರು. ವಿಮಾನದ ಓರೆಯನ್ನು ತೋರಿಸುವ ಮಾಪಕ ಕೆಟ್ಟಿತ್ತು. ಹೊರಗೆ ಕತ್ತಲ ಕಡಲಿನ ಮೇಲೆ ದಿಗಂತ ಇರಲಿಲ್ಲ. ಬಲಕ್ಕೆ ವಾಲಿದೆ ಎಂದು ತಪ್ಪಾಗಿ ತಿಳಿದು ಎಡಕ್ಕೆ ತಿರುಗಿಸಿದ್ದರಿಂದ ವಿಮಾನ ಹತೋಟಿ ತಪ್ಪಿತು.

ಇನ್ನೊಂದು ಅಪಾಯವನ್ನು ಪೈಲಟ್‌ಗಳು ಬ್ಲ್ಯಾಕ್ ಹೋಲ್ ಅಪ್ರೋಚ್ ಎನ್ನುತ್ತಾರೆ. ಮುಂದೆ ರನ್‌ವೇ ದೀಪಗಳು ಮಾತ್ರ ಕಂಡು, ಅಲ್ಲಿಯವರೆಗಿನ ನೆಲವೆಲ್ಲ ಕಪ್ಪಾಗಿದ್ದಾಗ, ತಾನು ಇರುವುದಕ್ಕಿಂತ ಮೇಲಿದ್ದೇನೆ ಎಂಬ ಭ್ರಮೆಗೆ ಒಳಗಾದ ಪೈಲಟ್ ಅತಿಯಾಗಿ ಕೆಳಗಿಳಿಯುತ್ತಾನೆ. ಕತ್ತಲೆ ನೈಜವಾಗಿರುವ ಸಿಮ್ಯುಲೇಟರ್‌ನಲ್ಲಿ ಈ ಭ್ರಮೆಯನ್ನು ಅಪಾಯವಿಲ್ಲದೆ ಅನುಭವಿಸಿ, ಮಾಪಕಗಳನ್ನು ನಂಬುವ ಶಿಸ್ತನ್ನು ರೂಢಿಸಿಕೊಳ್ಳಬಹುದು. ನೀಲಿ ಬಣ್ಣದ ಇರುಳಿನಲ್ಲಿ ದಿಗಂತ ಸದಾ ಕಾಣುತ್ತಲೇ ಇರುತ್ತದೆ. ಅಲ್ಲಿ ಅಭ್ಯಾಸ ಮಾಡಿದವನು ಕಲಿಯುವುದು ತಪ್ಪು ಪಾಠವನ್ನೇ.

ರಾಜ್ಯದ ಮಟ್ಟಿಗೂ ಇದು ಪ್ರಸ್ತುತ. ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲಿ ವಿಮಾನ ಚಾಲನಾ ತರಬೇತಿ ಸಂಸ್ಥೆಗಳಿಗೆ 2021ರಲ್ಲಿ ಅವಕಾಶ ನೀಡಲಾಯಿತು. ವಾಣಿಜ್ಯ ಪೈಲಟ್ ಪರವಾನಗಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಧಿಸಿರುವ 200 ಗಂಟೆಗಳ ಹಾರಾಟದಲ್ಲಿ ರಾತ್ರಿಯ ಪಾಲು ಕನಿಷ್ಠ ಐದು ಗಂಟೆ. ಅದರಲ್ಲಿ ಹತ್ತು ಬಾರಿ ಏರುವುದು ಹಾಗೂ ಇಳಿಯುವುದು ಸೇರಿರಬೇಕು. ಮನೆಯ ಗಣಕಯಂತ್ರದ ಅಭ್ಯಾಸ ಈ ಲೆಕ್ಕಕ್ಕೆ ಸೇರದು. ಆದರೂ ಆ ಐದು ಗಂಟೆಗಳಿಗೆ ಮುನ್ನ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡುವ ರಾತ್ರಿಯ ಕಲ್ಪನೆಯನ್ನು ರೂಪಿಸುವುದು ಬಹುತೇಕ ಇಂತಹ ತಂತ್ರಾಂಶಗಳೇ.

ಓದುಗರೇ ಪರೀಕ್ಷಿಸುವ ಬಗೆ

ಸ್ಟೆಲೇರಿಯಂ ಎಂಬ ಉಚಿತ ತಾರಾಲಯ ತಂತ್ರಾಂಶವನ್ನು ಪಕ್ಕದಲ್ಲಿರಿಸಿಕೊಂಡು ಯಾವುದೇ ಸಿಮ್ಯುಲೇಟರ್‌ನ ಆಕಾಶವನ್ನು ತಾಳೆ ನೋಡಬಹುದು. ಕೋಣೆಯ ದೀಪ ಆರಿಸಿ, ಸೂಪಾ ಜಲಾಶಯದ ಮೇಲೆ 5,000 ಅಡಿ ಎತ್ತರದಲ್ಲಿ ವಿಮಾನವನ್ನಿರಿಸಿ, ಮೋಡಗಳನ್ನು ತೆಗೆದು ಈ ಕೆಳಗಿನವುಗಳನ್ನು ಗಮನಿಸಬೇಕು.

* ಉತ್ತರಕ್ಕೆ ಮುಖ ಮಾಡಿದಾಗ ಧ್ರುವ ನಕ್ಷತ್ರ ಸುಮಾರು 15 ಡಿಗ್ರಿ ಎತ್ತರದಲ್ಲಿದೆಯೇ?

* ಮೇ ಮೊದಲ ವಾರದ ರಾತ್ರಿ 10ಕ್ಕೆ ದಕ್ಷಿಣದಲ್ಲಿ ತ್ರಿಶಂಕು ನೆಟ್ಟಗೆ ನಿಂತಿದೆಯೇ?

* ಜೂನ್ 25ರ ರಾತ್ರಿ ಆರ್ದ್ರಾ ನಕ್ಷತ್ರ ಅಡಗಿದೆಯೇ?

* ಅಮಾವಾಸ್ಯೆ ಕಳೆದ ಎರಡು ಮೂರು ದಿನಕ್ಕೆ ಸಂಜೆಯ ಬಿದಿಗೆ, ತದಿಗೆ ಚಂದ್ರ ನಮ್ಮ ಅಕ್ಷಾಂಶಕ್ಕೆ ತಕ್ಕಂತೆ ಬಹುಮಟ್ಟಿಗೆ ದೋಣಿಯಂತೆ ಮಲಗಿದ್ದಾನೆಯೇ, ಅಥವಾ ಯುರೋಪಿನ ಚಿತ್ರಗಳಂತೆ ಎದ್ದು ನಿಂತಿದ್ದಾನೆಯೇ?

* 2025ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 12.22ರವರೆಗೆ ಚಂದ್ರ ಪೂರ್ಣ ಗ್ರಹಣದಲ್ಲಿ ಕೆಂಪಾಗಿದ್ದಾನೆಯೇ? ಚಂದ್ರನ ಹಂತವನ್ನಷ್ಟೇ ಲೆಕ್ಕ ಹಾಕುವ ತಂತ್ರಾಂಶದಲ್ಲಿ ಅಂದು ಹುಣ್ಣಿಮೆಯ ಬಿಳಿ ಚಂದ್ರನೇ ಇರುತ್ತಾನೆ.

* ಅಮಾವಾಸ್ಯೆಯಂದು ಜಲಾಶಯದ ಮೇಲೆ ದಿಗಂತ ಕಾಣದಾಗುತ್ತದೆಯೇ?

* ಪೂರ್ವಕ್ಕೆ ಹುಬ್ಬಳ್ಳಿಯತ್ತ ಸಾಗಿದಂತೆ ನಕ್ಷತ್ರಗಳ ಸಂಖ್ಯೆ ಕುಗ್ಗುತ್ತದೆಯೇ?

ಮೊದಲ ಮೂರು ಪ್ರಶ್ನೆಗಳು ಲೆಕ್ಕಕ್ಕೆ ಸಂಬಂಧಿಸಿದವು, ಇಂದಿನ ತಂತ್ರಾಂಶಗಳಿಗೆ ಕಠಿಣವಲ್ಲ. ಕೊನೆಯ ಎರಡಕ್ಕೆ ತೃಪ್ತಿಕರ ಉತ್ತರ ಸಿಗುವುದೇ ನಿಜವಾದ ಸಾಧನೆ.

ಅಸಲಿ ಆಕಾಶದ ಭವಿಷ್ಯ

ಪರದೆಯ ಇರುಳನ್ನು ತಾಳೆ ನೋಡಲು ಅಸಲಿ ಇರುಳು ಉಳಿದಿರಬೇಕಷ್ಟೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖ್‌ನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶ ಸಂರಕ್ಷಿತ ಪ್ರದೇಶವನ್ನು ಘೋಷಿಸಲಾಯಿತು. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರ ಜನವರಿಯಲ್ಲಿ ದೇಶದ ಮೊದಲ ಕತ್ತಲ ಆಕಾಶ ಉದ್ಯಾನ ಎಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ದೀಪಗಳಿಗೆ ಮುಚ್ಚಿಗೆ ಅಳವಡಿಸುವುದು, ಬೆಳಕು ಮೇಲಕ್ಕೆ ಚೆಲ್ಲದಂತೆ ನೆಲದತ್ತ ತಿರುಗಿಸುವುದು, ಅಗತ್ಯವಿಲ್ಲದ ವೇಳೆ ಆರಿಸುವುದು ಇಂತಹ ಸರಳ ಕ್ರಮಗಳೇ ಅದಕ್ಕೆ ಆಧಾರ.

ಪ್ರವಾಸಿಗರನ್ನು ಸೆಳೆಯುವ ದಾಂಡೇಲಿ, ಗಣೇಶಗುಡಿಗಳ ಸುತ್ತ ಹೋಂಸ್ಟೇ, ರೆಸಾರ್ಟ್‌ಗಳು ನೆಲೆಗೊಂಡಿವೆ. ಪ್ರತಿ ಅಂಗಳದ ದೀಪವೂ ಕಾಡಿನ ಕತ್ತಲೆಯಿಂದ ಒಂದಿಷ್ಟನ್ನು ಕಸಿಯುತ್ತದೆ. ಸಿಮ್ಯುಲೇಟರ್ ಇಂದು ಜೊಯಿಡಾದ ಕಾಡುದಾರಿಯುದ್ದಕ್ಕೂ ದೀಪ ಹಚ್ಚಿದರೆ ಅದು ತಂತ್ರಾಂಶದ ದೋಷ, ಮುಂದಿನ ಆವೃತ್ತಿಯಲ್ಲಿ ತಿದ್ದಬಹುದು. ನೆಲದ ಮೇಲೆಯೇ ಆ ದೀಪಗಳು ಹೊತ್ತಿಕೊಂಡ ಬಳಿಕ ತಂತ್ರಾಂಶದ ಚಿತ್ರವೇ ಸರಿ ಎನಿಸಿಕೊಳ್ಳುತ್ತದೆ.